ಮತಭೇದವೂ ಮೈತ್ರಿಯೂ

ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ರಾಜಕೀಯದ ವಿಷಯವಾಗಿ ವಾದಕ್ಕಿಳಿದ ಇಬ್ಬರು ವಿದ್ಯಾರ್ಥಿಗಳು ಅಂದಿನಿಂದ ಒಬ್ಬರ ಮುಖವನ್ನೊಬ್ಬರು ನೋಡುತ್ತಿಲ್ಲ. ಅವರನ್ನು ಕರೆದು ಬುದ್ಧಿ ಹೇಳಬೇಕೆಂದು ಹೊರಟವನು ತಡೆದು ನಿಂತೆ. ಎಂ.ಎ. ತರಗತಿಯಲ್ಲಿ ನನ್ನ ಕೊಠಡಿಯ ಜೊತೆಗಾರನಾಗಿದ್ದ ಗೆಳೆಯನೊಡನೆ ಇಂಥದೇ ಮಾತಿಗಾಗಿ ನಾನು ಜಗಳವಾಡಿ ಹನ್ನೊಂದು ವರ್ಷಗಳಾಗಿವೆ. ಬುದ್ಧಿ ಹೇಳುವ ಅಧಿಕಾರ ನನಗೆಲ್ಲಿಯದು?

ಅಂದು ಸಂಜೆ ನನಗೆ ನೆನಪಾದವರು ರಾಜಾಜಿ ಮತ್ತು ಪೆರಿಯಾರ್. ಇಬ್ಬರಿಗೂ ಕನ್ನಡದ ನಂಟುಂಟು. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಗೋಪಾಲಾಚಾರ್ಯರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಮರುವರ್ಷ ಈರೋಡಿನಲ್ಲಿ ಹುಟ್ಟಿದ ರಾಮಸ್ವಾಮಿಯವರ ಮನೆಮಾತೇ ಕನ್ನಡ. ಒಬ್ಬರು ಸೇಲಂ ಪುರಸಭೆಯ ಅಧ್ಯಕ್ಷರು, ಇನ್ನೊಬ್ಬರು ಈರೋಡ್ ಪುರಸಭೆಯ ಅಧ್ಯಕ್ಷರು. ಹೀಗೆ ಬೆಳೆದ ಪರಿಚಯ ಗಾಂಧೀಯುಗದ ಕಾಂಗ್ರೆಸ್ಸಿನಲ್ಲಿ ಗಾಢವಾದ ಸ್ನೇಹವಾಯಿತು.

1925ರಲ್ಲಿ ಪೆರಿಯಾರ್ ಕಾಂಗ್ರೆಸ್ಸನ್ನು ತ್ಯಜಿಸಿದರು. ಆಮೇಲೆ ಇಬ್ಬರ ದಾರಿಗಳು ಎದುರುಬದುರಾದವು. ರಾಜಾಜಿಯವರು ಮದರಾಸು ಪ್ರಾಂತದ ಪ್ರಧಾನಿಯಾಗಿ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದಾಗ ಪೆರಿಯಾರ್ ಪ್ರತಿಭಟನೆಗೆ ನಿಂತರು. 1938ರ ಕೊನೆಯಲ್ಲಿ ಸೆರೆಮನೆ ಸೇರಿದರು. ಸೆರೆಗೆ ಕಳುಹಿಸಿದ್ದು ಹಳೆಯ ಸ್ನೇಹಿತನ ಸರಕಾರವೇ. 1953ರಲ್ಲಿ ಮುಖ್ಯಮಂತ್ರಿ ರಾಜಾಜಿಯವರು ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದರು. ಮಕ್ಕಳನ್ನು ಜಾತಿಯ ಕುಲುಮೆಗೇ ಮರಳಿ ನೂಕುವ ಶಿಕ್ಷಣವಿದು ಎಂದು ಪೆರಿಯಾರ್ ಬಲವಾಗಿ ವಿರೋಧಿಸಿದರು. ಮರುವರ್ಷ ರಾಜಾಜಿಯವರು ಅಧಿಕಾರ ಬಿಡಬೇಕಾಯಿತು. ಸಾಹಿತ್ಯದಲ್ಲಿಯೂ ಅದೇ ಕಥೆ: 1956ರಲ್ಲಿ ರಾಮನ ಚಿತ್ರವನ್ನು ಸುಡಲು ಕರೆಕೊಟ್ಟವರು ಪೆರಿಯಾರ್, ರಾಮಾಯಣವನ್ನು ಭಕ್ತಿಯಿಂದ ತಮಿಳಿನಲ್ಲಿ ಹೇಳಿ 1958ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು ರಾಜಾಜಿ.

ಕಾಲದ ವಿನೋದವನ್ನೂ ನೋಡಿರಿ. ಹಿಂದಿಯನ್ನು ತಂದ ರಾಜಾಜಿಯವರೇ ಮುಂದೆ ಹಿಂದಿಯ ಹೇರಿಕೆಗೆ ವಿರೋಧಿಯಾದರು. 1967ರ ಚುನಾವಣೆಯಲ್ಲಿ ಅವರ ಸ್ವತಂತ್ರ ಪಕ್ಷ ದ್ರಾವಿಡ ಮುನ್ನೇಟ್ರ ಕಳಗದೊಡನೆ ಕೈಜೋಡಿಸಿತು. ಪೆರಿಯಾರ್ ಕಾಮರಾಜರ ಕಾಂಗ್ರೆಸ್ಸಿನ ಪರ ನಿಂತರು. ಪಾಳೆಯಗಳು ಅದಲುಬದಲಾದರೂ ಇವರಿಬ್ಬರೂ ಒಂದೇ ಪಾಳೆಯದಲ್ಲಿ ಸೇರಲಿಲ್ಲ!

ಆದರೆ ಸ್ನೇಹ ಉಳಿಯಿತು. 1949ರಲ್ಲಿ ತಮ್ಮ ಮದುವೆಗೆ ಮುನ್ನ ಪೆರಿಯಾರ್ ತಿರುವಣ್ಣಾಮಲೈಗೆ ಹೋಗಿ ಕಂಡದ್ದು ಆಗಿನ ಗವರ್ನರ್ ಜನರಲ್ ರಾಜಾಜಿಯವರನ್ನು. ಅನುಯಾಯಿಗಳಿಗೆ ಇದು ಅರ್ಥವಾಗಲಿಲ್ಲ. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡಾಗ, ತೊಂಬತ್ತಮೂರರ ಪೆರಿಯಾರ್ ಗಾಲಿಕುರ್ಚಿಯಲ್ಲಿ ಅಂತ್ಯಕ್ರಿಯೆಗೆ ಬಂದು ಎಲ್ಲರೆದುರು ಅತ್ತರು. ಮುಂದಿನ ವರ್ಷ ಡಿಸೆಂಬರ್ 24ರಂದು ತಾವೂ ತೀರಿಕೊಂಡರು.

ಈ ಮೈತ್ರಿಯನ್ನು ಸಿಹಿಯಾಗಿಸಿ ಹೇಳಲು ನನಗೆ ಇಷ್ಟವಿಲ್ಲ. ಜಾತಿಯ ಪ್ರಶ್ನೆ ಬರಿಯ ಅಭಿಪ್ರಾಯದ ಪ್ರಶ್ನೆಯಲ್ಲ. ಅದರಲ್ಲಿ ಲಕ್ಷಾಂತರ ಮಕ್ಕಳ ಬಾಳಿತ್ತು. ಸ್ನೇಹಕ್ಕಾಗಿ ಪೆರಿಯಾರ್ ಆ ವಿಷಯದಲ್ಲಿ ಒಂದು ಮಾತನ್ನೂ ತಗ್ಗಿಸಲಿಲ್ಲ. ತಗ್ಗಿಸಿದ್ದರೆ ಅದು ತಪ್ಪಾಗುತ್ತಿತ್ತು. ರಾಜಾಜಿಯವರೂ ತಮ್ಮ ನಂಬಿಕೆಯನ್ನು ಬಚ್ಚಿಡಲಿಲ್ಲ. ಎದುರಾಳಿಯ ವಿಚಾರ ತಪ್ಪೆಂದು ಸಾರುತ್ತಲೇ ಅವನು ಮನುಷ್ಯನಾಗಿ ಹೀನನೆಂದು ತೀರ್ಮಾನಿಸದಿರುವುದು ಅವರಿಗೆ ಸಾಧ್ಯವಾಯಿತು. ನಾನು ಸೋತದ್ದು ಅಲ್ಲಿಯೇ. ಅಂದು ನಾನು ಗೆಳೆಯನ ವಾದವನ್ನು ಖಂಡಿಸಿ ಸುಮ್ಮನಾಗಲಿಲ್ಲ. ಅವನ ಪ್ರಾಮಾಣಿಕತೆಯನ್ನೇ ಹಳಿದೆ.

ಮೊನ್ನೆ ಅವನಿಗೊಂದು ಕಾಗದ ಬರೆದೆ. ನನ್ನ ಅಭಿಪ್ರಾಯವನ್ನು ಹಿಂದೆಗೆದುಕೊಂಡಿಲ್ಲ. ಆ ಮಾತನ್ನು ಮಾತ್ರ ಹಿಂದೆಗೆದುಕೊಂಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ನಾಳೆ ಆ ಇಬ್ಬರು ವಿದ್ಯಾರ್ಥಿಗಳನ್ನು ಕರೆಯಬೇಕೆಂದಿದ್ದೇನೆ.