ಅಟ್ಟದ ಮೇಲಿನ ಗಂಟು



ಸಂಗ್ರಹ ಎಂದೊಡನೆ ನಿಮ್ಮ ನೆನಪಿಗೆ ಬರುವುದು ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ. ಇವನ್ನು ಕೂಡಿಹಾಕುವ ಹವ್ಯಾಸಿಗಳು ನಿಮ್ಮ ತರಗತಿಯಲ್ಲೂ ಇರಬಹುದು. ಆದರೆ ಸಂಗ್ರಹ ಎಂಬ ಹೆಸರಿಲ್ಲದೆಯೇ ಜನ ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ವಸ್ತುಗಳೂ ಉಂಟು. ಅವು ಗಾಜಿನ ಪೆಟ್ಟಿಗೆಯಲ್ಲಿ ಇರುವುದಿಲ್ಲ. ನೆಲದೊಳಗಿನ ಗುಂಡಿಯಲ್ಲಿ, ಮನೆಯ ಅಟ್ಟದ ಮೇಲೆ, ಕೆಲವು ಸಲ ಮನುಷ್ಯನ ನೆನಪಿನಲ್ಲಿಯೇ ಇರುತ್ತವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸೀಮೆಯನ್ನು ಮುಂದಿಟ್ಟುಕೊಂಡು ಅಂಥ ಮೂರು ಸಂಗ್ರಹಗಳನ್ನು ನೋಡೋಣ. ಜನ ಇವನ್ನು ಏಕೆ ಇಟ್ಟುಕೊಂಡರು ಎಂಬುದೇ ನಮ್ಮ ಪ್ರಶ್ನೆ.

ಮೊದಲನೆಯದು ಕಾಳು. ತುಮಕೂರು ಜಿಲ್ಲೆಯ ಈ ಉತ್ತರ ಭಾಗ ಮಳೆಯನ್ನೇ ನಂಬಿದ ಬಯಲುಸೀಮೆ. ಮಳೆ ಕೈಕೊಟ್ಟರೆ ಏನಾಗುತ್ತದೆ ಎಂಬುದು ಇಲ್ಲಿನವರಿಗೆ ಪುಸ್ತಕ ಓದಿ ತಿಳಿಯಬೇಕಾದ ವಿಷಯವಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದ ಲೆಕ್ಕವನ್ನೇ ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಜನ ಹೆಚ್ಚುವ ಬದಲು ಎಂಟು ಲಕ್ಷ ಕಡಿಮೆಯಾದರು.

ಇಂಥ ಕಾಲಕ್ಕೆಂದೇ ನಮ್ಮ ರೈತರು ಹಗೇವು ತೋಡುತ್ತಿದ್ದರು. ಗಟ್ಟಿ ನೆಲದಲ್ಲಿ ಆಳವಾದ ಗುಂಡಿ ತೆಗೆದು, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡುತ್ತಲೇ ಇರುತ್ತದೆ. ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಅಂಥ ಗಾಳಿಯಲ್ಲಿ ಹುಳು ಬದುಕುವುದಿಲ್ಲ. ಆದ್ದರಿಂದ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಇದೇ ಕಾರಣಕ್ಕೆ ಹಗೇವು ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಮೊದಲು ಒಳಗೆ ದೀಪ ಇಳಿಬಿಟ್ಟು, ಅದು ಆರಿದರೆ ಗಾಳಿ ಕೆಟ್ಟಿದೆ ಎಂದು ಹಿರಿಯರು ತಿಳಿಯುತ್ತಿದ್ದರು. ಊಟದ ರಾಗಿಗಿಂತ ಹೆಚ್ಚಿನ ಜೋಪಾನ ಬಿತ್ತನೆಯ ಬೀಜಕ್ಕೆ. ಒಳ್ಳೆಯ ತೆನೆಗಳನ್ನು ಆಯ್ದು, ಕಾಳಿಗೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಮಡಕೆಯಲ್ಲಿ ಇಡುತ್ತಿದ್ದರು. ಹಸಿವಾದರೂ ಬೀಜದ ಮಡಕೆಗೆ ಕೈ ಹಾಕಬಾರದು ಎಂಬುದು ಮನೆಯ ಕಟ್ಟಳೆ.

ಎರಡನೆಯದು ಕಡತ. ಇಂದು ಕಡತ ಎಂದರೆ ಸರ್ಕಾರಿ ಕಚೇರಿಯ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕ. ಹುಣಿಸೆಬೀಜವನ್ನು ಬೇಯಿಸಿ ಅರೆದ ಸರಿಗೆ ಇದ್ದಿಲಪುಡಿ ಬೆರೆಸಿ, ಹತ್ತಿಬಟ್ಟೆಯ ಎರಡೂ ಕಡೆ ಬಳಿದು ಒಣಗಿಸುತ್ತಿದ್ದರು. ಹುಣಿಸೆಗೆ ಈ ಸೀಮೆಯಲ್ಲಿ ಬರವಿಲ್ಲ! ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸ ಗ್ರಂಥದಲ್ಲಿ ಕಡತವನ್ನು ವರ್ಣಿಸಿದ್ದಾನೆ. ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಅದನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ತುದಿಗೆ ಮರದ ಹಲಗೆ ಕಟ್ಟುತ್ತಿದ್ದರು. ಬರೆಯುವುದು ಬಳಪದಿಂದ. ಬೇಡವಾದುದನ್ನು ಸ್ಲೇಟಿನಂತೆ ಅಳಿಸಿ ಮತ್ತೆ ಬರೆಯಬಹುದಾಗಿತ್ತು.

ಶ್ಯಾನುಭೋಗರು ಹೊಲ ಯಾರದು, ಕಂದಾಯ ಎಷ್ಟು, ಇನಾಮು ಯಾರಿಗೆ ಎಂಬ ವಿವರಗಳನ್ನು ಕಡತಗಳಲ್ಲಿ ಬರೆದಿಡುತ್ತಿದ್ದರು. ಇವನ್ನು ಅಷ್ಟು ಜತನದಿಂದ ಕಾಪಾಡಿದ್ದೇಕೆ? ಶಿರಾದ ಚರಿತ್ರೆಯಲ್ಲಿ ಉತ್ತರವಿದೆ. 1638ರಲ್ಲಿ ಅದು ಪಾಳೆಯಗಾರರಿಂದ ಬಿಜಾಪುರದವರ ಕೈಸೇರಿತು. 1687ರಲ್ಲಿ ಮೊಗಲರು ಬಂದು ಅದನ್ನು ಒಂದು ಸುಬಾದ ರಾಜಧಾನಿಯಾಗಿ ಮಾಡಿದರು. 1757ರಲ್ಲಿ ಮರಾಠರು, 1761ರಲ್ಲಿ ಹೈದರಾಲಿ. ಅರಸು ಬದಲಾದಂತೆಲ್ಲ ಅಧಿಕಾರಿಯೂ ಬದಲಾಗುತ್ತಾನೆ. ಈ ಹೊಲ ನಿನ್ನದೆಂಬುದಕ್ಕೆ ಆಧಾರವೇನು ಎಂದು ಹೊಸಬ ಕೇಳಿದರೆ ತೋರಿಸಲು ಏನಾದರೂ ಬೇಕಲ್ಲವೇ? ಅಂದರೆ, ಹಗೇವಿನ ರಾಗಿ ಕ್ಷಾಮದ ಭಯಕ್ಕೆ ಮದ್ದು. ಕಡತ ಭೂಮಿ ಕಳೆದುಕೊಳ್ಳುವ ಭಯಕ್ಕೆ ಮದ್ದು.

ಮೂರನೆಯದು ಹಾಡು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡವಿದೆ. ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ, ದನ ಕಾಯುವವರ ದೈವ. ಅವನ ಕಥೆಯನ್ನು ಕಲಾವಿದರು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲು ನುಡಿಸುತ್ತಾ ಹಾಡುತ್ತಾರೆ. ಇದನ್ನು ಹಿಂದಿನವರು ಕಾಗದದಲ್ಲಿ ಬರೆದಿಡಲಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟಿಸಿದರು. ಇಲ್ಲಿ ಕಳೆದುಹೋಗಬಾರದೆಂದು ಕಾಪಾಡಿದ್ದು ತಾವು ಯಾರೆಂಬ ತಿಳುವಳಿಕೆಯನ್ನೇ. ಆದರೆ ಈ ಸಂಗ್ರಹಕ್ಕೆ ಒಂದು ಅಪಾಯವಿದೆ. ಹಾಡುಗಾರ ಶಿಷ್ಯನಿಲ್ಲದೆ ತೀರಿಕೊಂಡರೆ ಸಂಗ್ರಹವೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ.

ಮನೆಯವರು ಇಟ್ಟುಕೊಂಡದ್ದನ್ನು ಹುಡುಕಿಕೊಂಡು ಹೋದ ಸಂಗ್ರಾಹಕರೂ ಇದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಭೂಮಾಪನಕ್ಕೆ ಬಂದ ಕಾಲಿನ್ ಮೆಕೆಂಜಿ, ಕಾವಲಿ ಸೋದರರಂಥ ದೇಶೀಯ ಸಹಾಯಕರ ನೆರವಿನಿಂದ ಊರೂರಿನ ಕೈಫಿಯತ್ತುಗಳನ್ನು, ಅಂದರೆ ಸ್ಥಳದ ಹಕೀಕತ್ತುಗಳನ್ನು ಬರೆಸಿಕೊಂಡನು. 1821ರಲ್ಲಿ ಅವನು ತೀರಿಕೊಂಡಾಗ 8,000ಕ್ಕೂ ಹೆಚ್ಚು ಶಾಸನ ಪ್ರತಿಗಳೂ 6,000ಕ್ಕೂ ಹೆಚ್ಚು ನಾಣ್ಯಗಳೂ ಅವನ ಸಂಗ್ರಹದಲ್ಲಿದ್ದವು. ಬಿ. ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿದರು. ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಗೆ ಮೀಸಲಾಗಿದ್ದು, 1904ರಲ್ಲಿ ಪ್ರಕಟವಾಯಿತು. ಎಚ್. ಎಲ್. ನಾಗೇಗೌಡರು ಹಾಡು, ಕಥೆ, ನಿತ್ಯಬಳಕೆಯ ವಸ್ತುಗಳನ್ನು ಕೂಡಿಹಾಕಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದರು.

ಒಂದು ಮನೆಯ ಗಂಟು ಎಷ್ಟು ದೂರ ಹೋಗಬಹುದು? ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಪ್ರಾಚ್ಯ ಗ್ರಂಥಾಲಯಕ್ಕೆ ಒಂದು ತಾಳೆಗರಿಯ ಕಟ್ಟನ್ನು ಕೊಟ್ಟರು. ಅಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಅದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಜಗತ್ತು ಕಳೆದುಹೋಯಿತೆಂದುಕೊಂಡಿದ್ದ ಗ್ರಂಥ ಮರಳಿ ಸಿಕ್ಕಿತು. ಆ ಕಟ್ಟು ಅದಕ್ಕೂ ಮೊದಲೇ ಒಲೆ ಸೇರಿದ್ದರೆ?

ಎಲ್ಲ ಗಂಟಿನಲ್ಲೂ ಅರ್ಥಶಾಸ್ತ್ರ ಇರುವುದಿಲ್ಲ, ನಿಜ. ಆದರೆ ಇಟ್ಟವರಿಗೆ ಕಾರಣ ಗೊತ್ತಿತ್ತು. ಇಂದು ವಸ್ತು ಉಳಿದು ಕಾರಣ ಮರೆತುಹೋಗಿದೆ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನಿನಿಂದ ವಂಶಪಾರಂಪರ್ಯದ ಶ್ಯಾನುಭೋಗಿಕೆ ಕೊನೆಗೊಂಡಿತು. ಮನೆಗಳಲ್ಲಿ ಉಳಿದ ಕಡತಗಳಿಗೆ ಆಮೇಲೆ ಕೆಲಸವಿಲ್ಲ. ಅವುಗಳಲ್ಲಿ ಎಷ್ಟೋ ಮೋಡಿ ಅಕ್ಷರದಲ್ಲಿವೆ; ಅದನ್ನು ಓದಬಲ್ಲವರು ಈಗ ತೀರ ವಿರಳ. ಓದಲಾಗದ ಕಪ್ಪು ಬಟ್ಟೆ ಕಸವೆಂದೇ ಕಾಣುತ್ತದೆ.

ಆದ್ದರಿಂದ ಯುಗಾದಿಗೋ ಮಾರ್ನವಮಿಗೋ ಮನೆ ಸುಣ್ಣಬಣ್ಣ ಮಾಡುವಾಗ ಅಟ್ಟದಲ್ಲಿ ಇಂಥ ಮಡಿಕೆಯ ಬಟ್ಟೆ ಸಿಕ್ಕರೆ, ದಯವಿಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಬಳಪದ ಬರಹ ಒಂದೇ ಒರೆಸಿಗೆ ಅಳಿಸಿಹೋಗುತ್ತದೆ. ಉಜ್ಜದೆ, ಬಿಸಿಲಿಗೆ ಹಾಕದೆ, ಮೊದಲು ಫೋಟೋ ತೆಗೆದುಕೊಳ್ಳಿ. ಒಣಗಿದ ಶುಭ್ರ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ರಾಜ್ಯ ಪತ್ರಾಗಾರ ಇಲಾಖೆಗೋ ನಿಮ್ಮ ಇತಿಹಾಸದ ಅಧ್ಯಾಪಕರಿಗೋ ತಿಳಿಸಿ.

ಇನ್ನೊಂದು ಕೆಲಸ ಇದಕ್ಕಿಂತಲೂ ಮುಖ್ಯ. ನಿಮ್ಮ ಅಜ್ಜಿ ತಾತಂದಿರ ಬಳಿ ಕುಳಿತು, ಇದು ಯಾರದು, ಯಾವುದಕ್ಕೆ ಬಳಸುತ್ತಿದ್ದರು, ಏಕೆ ಬಿಸಾಡಲಿಲ್ಲ ಎಂದು ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಒಂದು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಆ ವಸ್ತುವಿನ ಜೊತೆಗೇ ಇಡಿ. ಅವರಿಗೆ ಹಾಡು ಬರುವುದಾದರೆ ಹಾಡಿಸಿ, ಧ್ವನಿ ಮುದ್ರಿಸಿಕೊಳ್ಳಿ. ಗಂಟು ಇನ್ನೂ ನೂರು ವರ್ಷ ಕಾಯಬಹುದು. ಅದರ ಕಥೆ ಬಲ್ಲವರು ಅಷ್ಟು ಕಾಲ ಕಾಯಲಾರರು.