ಅಬರ್ಡೀನ್‌ನ ಚಳಿಯಲ್ಲಿ ಖಾರ್ಟೂಮಿನ ನೆನಪು

ಪತಿಯ ಉದ್ಯೋಗಕ್ಕಾಗಿ ದೂರದ ನಾಡಿಗೆ ಹೋದ ಹೆಣ್ಣುಮಕ್ಕಳು ನಮ್ಮ ಎಷ್ಟೋ ಕುಟುಂಬಗಳಲ್ಲಿದ್ದಾರೆ. ತವರನ್ನು ನೆನೆದು ಒಬ್ಬಳೇ ಕಣ್ಣೊರೆಸಿಕೊಳ್ಳುವ ಸಂಕಟ ನಿಮಗೆ ಹೊಸತಲ್ಲ. ಆ ಸಂಕಟವನ್ನೇ ಕಥೆಯಾಗಿಸಿ ಜಗತ್ತಿನ ಗಮನ ಸೆಳೆದ ಒಬ್ಬ ಸಹೋದರಿಯನ್ನು ಪರಿಚಯ ಮಾಡಿಕೊಳ್ಳೋಣ. ಅವರು ಲೈಲಾ ಅಬುಲೇಲಾ.

ಲೈಲಾ 1964ರಲ್ಲಿ ಕೈರೋದಲ್ಲಿ ಜನಿಸಿದರು. ತಾಯಿ ಈಜಿಪ್ಟಿನವರು, ತಂದೆ ಸುಡಾನಿನವರು. ಬೆಳೆದದ್ದು ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ. ಮನೆಯಲ್ಲಿ ಅರಬಿ ಭಾಷೆ, ಶಾಲೆಯಲ್ಲಿ ಇಂಗ್ಲಿಷ್. ಖಾರ್ಟೂಮ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, ಲಂಡನ್ನಿನಲ್ಲಿ ಸಂಖ್ಯಾಶಾಸ್ತ್ರದ ಉನ್ನತ ವ್ಯಾಸಂಗ ಮಾಡಿದರು. ಅಂಕಿಅಂಶಗಳ ನಡುವೆ ಇದ್ದ ಈ ಯುವತಿ ಮುಂದೆ ಕಾದಂಬರಿ ಬರೆಯುತ್ತಾರೆಂದು ಆಗ ಯಾರು ತಾನೇ ಊಹಿಸಿದ್ದರು?

1990ರಲ್ಲಿ ಅವರು ಪತಿ ಮತ್ತು ಮಕ್ಕಳೊಂದಿಗೆ ಸ್ಕಾಟ್ಲೆಂಡಿನ ಅಬರ್ಡೀನ್ ನಗರಕ್ಕೆ ಹೋದರು. ಉತ್ತರ ಸಮುದ್ರದ ತೈಲ ಉದ್ಯಮದ ಊರದು. ಚಳಿ, ಮೋಡ, ಅಪರಿಚಿತ ಮುಖಗಳು. ಬಾಂಗಿನ ಕರೆ ಕೇಳಿ ಬೆಳೆದ ಕಿವಿಗೆ ಅಲ್ಲಿ ಸಿಕ್ಕಿದ್ದು ಗಾಳಿಯ ಸದ್ದು ಮಾತ್ರ. ಸಾಲದ್ದಕ್ಕೆ 1991ರ ಗಲ್ಫ್ ಯುದ್ಧ. ಪತ್ರಿಕೆ, ಟಿ.ವಿ.ಗಳಲ್ಲಿ ಅರಬರ ಬಗ್ಗೆ, ಇಸ್ಲಾಮಿನ ಬಗ್ಗೆ ಕಹಿ ಮಾತುಗಳು. 'ನಾವು ಅಂಥವರಲ್ಲ' ಎಂದು ಹೇಳಬೇಕು. ಆದರೆ ಯಾರೊಂದಿಗೆ?

1992ರ ಸುಮಾರಿಗೆ ಅವರು ಬರೆಯತೊಡಗಿದರು. ಚಿಕ್ಕ ಮಕ್ಕಳು, ಮನೆಗೆಲಸ, ಅರೆಕಾಲಿಕ ದುಡಿಮೆ. ಇವುಗಳ ನಡುವೆ ಸಿಕ್ಕಿದ ಬಿಡುವೇ ಬರವಣಿಗೆಯ ಸಮಯ. ನಗರದ ಗ್ರಂಥಾಲಯದಲ್ಲಿ ನಡೆಯುತ್ತಿದ್ದ ಬರವಣಿಗೆಯ ಕಮ್ಮಟ ಅವರಿಗೆ ದಾರಿ ತೋರಿತು.

ಅವರ 'ದ ಮ್ಯೂಸಿಯಂ' ಕಥೆಯನ್ನೇ ನೋಡಿ. ಅಬರ್ಡೀನ್‌ನಲ್ಲಿ ಓದುವ ಸುಡಾನಿ ಯುವತಿ ಶಾದಿಯಾಳನ್ನು ಸಹಪಾಠಿಯೊಬ್ಬ ಆಫ್ರಿಕಾದ ವಸ್ತುಗಳಿರುವ ಸಂಗ್ರಹಾಲಯಕ್ಕೆ ಕರೆದೊಯ್ಯುತ್ತಾನೆ. ಗಾಜಿನ ಪೆಟ್ಟಿಗೆಗಳಲ್ಲಿ ಅವಳು ಹುಡುಕುವ ತನ್ನ ನಾಡು ಸಿಗುವುದೇ ಇಲ್ಲ. ಬಿಳಿಯರು ಕಂಡ ಆಫ್ರಿಕಾ ಮಾತ್ರ ಅಲ್ಲಿದೆ. ನಮ್ಮ ಬದುಕನ್ನು ನಾವೇ ಹೇಳದಿದ್ದರೆ ಬೇರೆಯವರು ತಮಗೆ ತೋಚಿದಂತೆ ಹೇಳುತ್ತಾರೆ. ಈ ಕಥೆಗೆ 2000ದಲ್ಲಿ ಮೊತ್ತಮೊದಲ ಕೇನ್ ಪ್ರಶಸ್ತಿ ದೊರೆಯಿತು.

ಪಾಶ್ಚಾತ್ಯ ಓದುಗರನ್ನು ಮೆಚ್ಚಿಸಲು ಧರ್ಮದಿಂದ ಓಡಿಹೋಗುವ ಮುಸ್ಲಿಮ್ ಹೆಣ್ಣಿನ ಕಥೆ ಬರೆಯುವುದು ಸುಲಭವಿತ್ತು. ಲೈಲಾ ಹಾಗೆ ಮಾಡಲಿಲ್ಲ. 1999ರ 'ದ ಟ್ರಾನ್ಸ್‌ಲೇಟರ್' ಕಾದಂಬರಿಯ ವಿಧವೆ ಸಮರ್, ತಾನು ಪ್ರೀತಿಸಿದವನಿಗಾಗಿಯೂ ಈಮಾನನ್ನು ಬಿಟ್ಟುಕೊಡುವುದಿಲ್ಲ. 2005ರ 'ಮಿನರೆಟ್'ನಲ್ಲಿ ಸಿರಿವಂತಿಕೆ ಕಳೆದುಕೊಂಡು ಲಂಡನ್ನಿನಲ್ಲಿ ಮನೆಗೆಲಸ ಮಾಡುವ ನಜ್ವಾಳಿಗೆ ನೆಮ್ಮದಿ ಸಿಗುವುದು ಮಸೀದಿಯಲ್ಲಿ. ಹಾಗೆಂದು ಇವರು ದೇವದೂತರಲ್ಲ. ತಪ್ಪು ಮಾಡುತ್ತಾರೆ, ಅಳುತ್ತಾರೆ, ಮತ್ತೆ ಏಳುತ್ತಾರೆ. ಅವರ ಕಥೆಗಳು ಓದುಗರ ಮನಸ್ಸು ತಟ್ಟುವುದು ಇದಕ್ಕಾಗಿಯೇ.

ಮುಂದೆ ಕುಟುಂಬದೊಂದಿಗೆ ಜಕಾರ್ತಾ, ದುಬೈ, ಅಬುಧಾಬಿ, ದೋಹಾಗಳಲ್ಲಿ ನೆಲೆಸಿ ಲೈಲಾ ಅಬರ್ಡೀನ್‌ಗೆ ಮರಳಿದರು. ಊರು ಬದಲಾದರೂ ಲೇಖನಿ ನಿಲ್ಲಲಿಲ್ಲ. ಕಾದಂಬರಿಗಳ ಜೊತೆಗೆ ಬಿ.ಬಿ.ಸಿ. ರೇಡಿಯೋಗೆ ನಾಟಕಗಳನ್ನೂ ಬರೆದರು. 2025ರಲ್ಲಿ ಅವರಿಗೆ ಪೆನ್ ಪಿಂಟರ್ ಪ್ರಶಸ್ತಿ ಸಂದಿತು.

ಸಹೋದರಿಯರೇ, ಮನೆಯಲ್ಲಿ ಬ್ಯಾರಿಯನ್ನೋ ಉರ್ದುವನ್ನೋ ಆಡಿ ಕನ್ನಡದಲ್ಲಿ ಓದಿ ಬರೆಯುವ ನಮಗೂ ಎರಡು ಲೋಕಗಳ ನಡುವೆ ಬದುಕಿ ಅಭ್ಯಾಸವಿದೆ. ಅದನ್ನು ಕೊರತೆ ಎಂದು ಭಾವಿಸಬೇಡಿ. ಎರಡು ಬಾಗಿಲಿರುವ ಮನೆಗೆ ಗಾಳಿ ಬೆಳಕು ಹೆಚ್ಚು. ಮಕ್ಕಳು ಮಲಗಿದ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ, ಅವರ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ, ನಿಮ್ಮ ಅಜ್ಜಿ ಹೇಳಿದ ಒಂದು ಮಾತನ್ನಾದರೂ ಬರೆದಿಡಿ. ನಮ್ಮ ಕಥೆಯನ್ನು ನಾವಲ್ಲದೆ ಇನ್ನಾರು ಹೇಳಬೇಕು?