ಹಳೆಯ ಹಾಲು ಕರೆಯುವ ಯಂತ್ರಕ್ಕೆ ಒಂದು ಮೀಟರ್ ಹಾಕಿಸಿ

ಹಳೆಯ ಬೈಕಿಗೆ ಹೊಸ ಮೀಟರ್ ಹಾಕಿಸಿಕೊಳ್ಳುವವರು ಎಲ್ಲ ಊರುಗಳಲ್ಲೂ ಇದ್ದಾರೆ. ನಿಜ ಹೇಳಬೇಕೆಂದರೆ, ಮೀಟರ್ ಇಲ್ಲದಿದ್ದರೂ ಬೈಕ್ ಓಡಿಸಬಹುದು. ಎಷ್ಟು ಜೋರಾಗಿ ಹೋಗುತ್ತಿದ್ದೇವೆ ಎಂಬುದು ಮುಖಕ್ಕೆ ಬಡಿಯುವ ಗಾಳಿಯಲ್ಲೇ ಗೊತ್ತಾಗುತ್ತದೆ. ಕೊಟ್ಟಿಗೆಯಲ್ಲಿರುವ ಹಾಲು ಕರೆಯುವ ಯಂತ್ರ ಹಾಗಲ್ಲ. ಅದು ಮೊಲೆತೊಟ್ಟನ್ನು ಎಷ್ಟು ಬಲವಾಗಿ ಎಳೆಯುತ್ತಿದೆ ಎಂಬುದು ಕರೆಯುವವರ ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯುವುದಿಲ್ಲ. ತಿಳಿಯುವುದು ಹಸುವಿಗೆ ಮಾತ್ರ. ಅದು ಒದ್ದು ಹೇಳುತ್ತದೆ. ನಾವು ತಂಟೆ ಹಸು ಎಂದು ಕಾಲು ಕಟ್ಟುತ್ತೇವೆ.

ಹೊಸ ಯಂತ್ರಗಳಲ್ಲಿ ಈ ಎಳೆತವನ್ನು ತೋರಿಸುವ ವ್ಯಾಕ್ಯೂಮ್ ಗೇಜ್ ಸಾಮಾನ್ಯವಾಗಿ ಇರುತ್ತದೆ. ಹಳೆಯ ಬಕೆಟ್ ಯಂತ್ರಗಳಲ್ಲಿ ಗೇಜ್ ಇಲ್ಲದವು ಇವೆ. ಗಾಜು ಒಡೆದು, ಮುಳ್ಳು ಒಂದೇ ಕಡೆ ಅಂಟಿಕೊಂಡಿರುವವೂ ಇವೆ. ಈ ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ಅದನ್ನು ನಂಬಿ ಕರೆಯುತ್ತಿರುತ್ತೇವೆ.

ಮೊದಲ ದಿನ ಸರಿಯಾಗಿದ್ದ ಎಳೆತ ಆಮೇಲೆ ಏಕೆ ಕೆಡುತ್ತದೆ? ಯಂತ್ರದಲ್ಲಿ ರೆಗ್ಯುಲೇಟರ್ ಎಂಬ ಚಿಕ್ಕ ಭಾಗವಿದೆ. ಪಂಪು ಬೇಕಾದ್ದಕ್ಕಿಂತ ಹೆಚ್ಚು ಎಳೆದಾಗ ಹೊರಗಿನ ಗಾಳಿಯನ್ನು ಸ್ವಲ್ಪ ಒಳಬಿಟ್ಟು ಸಮ ಮಾಡುವುದು ಅದರ ಕೆಲಸ. ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಅದೇ ಗಾಳಿ ಕೊಟ್ಟಿಗೆಗೆ ದೂಳನ್ನೂ ತರುತ್ತದೆ. ದೂಳು, ಹೊಟ್ಟು, ಹಿಂಡಿಯ ಪುಡಿ ರೆಗ್ಯುಲೇಟರಿನ ಗಾಳಿ ದ್ವಾರದಲ್ಲಿ ಕಟ್ಟಿಕೊಂಡರೆ ಗಾಳಿ ಒಳಬರುವುದಿಲ್ಲ, ಎಳೆತ ಏರುತ್ತಾ ಹೋಗುತ್ತದೆ. ಯಂತ್ರ ನಡೆಯುವಾಗ ರೆಗ್ಯುಲೇಟರಿನಿಂದ ಸುಯ್ ಎಂಬ ಸಣ್ಣ ಸದ್ದು ಬರಬೇಕು. ಸದ್ದೇ ಇಲ್ಲದಿದ್ದರೆ ಅನುಮಾನಪಡಿ. ಇದಕ್ಕೆ ಉಲ್ಟಾ, ಬೆಲ್ಟ್ ಸಡಿಲವಾದರೆ, ಪೈಪ್ ಸೀಳಿದರೆ, ಪಂಪಿನ ಆಯಿಲ್ ಮುಗಿದರೆ, ಕರೆಂಟಿನ ವೋಲ್ಟೇಜ್ ತೀರಾ ಇಳಿದರೆ ಎಳೆತ ಕಡಿಮೆಯಾಗುತ್ತದೆ.

ಎಳೆತ ಹೆಚ್ಚಾದರೆ ತೊಟ್ಟಿನ ತುದಿ ಒರಟಾಗಿ ಬಿಳಿ ಉಂಗುರದಂತೆ ಗಟ್ಟಿಯಾಗುತ್ತದೆ. ಕಪ್ ತೆಗೆದಾಗ ತೊಟ್ಟು ಕೆಂಪಗೋ ನೀಲಿಯಾಗೋ ಊದಿಕೊಂಡಿರುತ್ತದೆ. ಒರಟಾದ ತುದಿ ಸರಿಯಾಗಿ ಮುಚ್ಚಿಕೊಳ್ಳದೆ ರೋಗಾಣು ಒಳಹೋಗಲು ದಾರಿಯಾಗುತ್ತದೆ. ಕಡಿಮೆಯಾದರೆ ಕಪ್ ಜಾರುತ್ತದೆ, ಕಿರ್ರ್ ಎನ್ನುತ್ತದೆ. ಆಗ ನುಗ್ಗುವ ಗಾಳಿ ಹಾಲಿನ ಹನಿಗಳನ್ನು ತೊಟ್ಟಿನೊಳಗೆ ಹಿಂದಕ್ಕೆ ಚಿಮ್ಮಿಸಬಹುದು. ಎರಡೂ ದಾರಿ ಹೋಗಿ ಸೇರುವುದು ಕೆಚ್ಚಲು ಬಾವಿಗೇ. ಔಷಧಿ ಖರ್ಚು ಒಂದು ಕಡೆ, ಚಿಕಿತ್ಸೆಯ ದಿನಗಳ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ ಎಂಬುದು ಇನ್ನೊಂದು ಕಡೆ. ಇದರ ಮುಂದೆ ಗೇಜಿನ ಬೆಲೆ ಕೆಲವು ನೂರು ರೂಪಾಯಿ ಮಾತ್ರ.

ಅಂಗಡಿಯಲ್ಲಿ 'ವ್ಯಾಕ್ಯೂಮ್ ಗೇಜ್' ಎಂದೇ ಕೇಳಿ. ಟಯರಿನ ಗಾಳಿ ನೋಡುವ ಪ್ರೆಶರ್ ಗೇಜ್ ಇದಕ್ಕೆ ಬರುವುದಿಲ್ಲ. ಒಳಗೆ ಗ್ಲಿಸರಿನ್ ತುಂಬಿರುವುದು ಸಿಕ್ಕರೆ ಒಳ್ಳೆಯದು, ಯಂತ್ರದ ನಡುಕಕ್ಕೆ ಮುಳ್ಳು ಕುಣಿಯುವುದಿಲ್ಲ. ಅಂಕಿ ಬೆಳಗುವ ಡಿಜಿಟಲ್ ಗೇಜೂ ಬರುತ್ತದೆ. ಕೊಟ್ಟಿಗೆಯ ತೇವ, ಗಂಜಳದ ಆವಿಯ ನಡುವೆ ಮುಳ್ಳಿನ ಗೇಜೇ ಬಾಳಿಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಹಳೆಯ ಯಂತ್ರದ ವ್ಯಾಕ್ಯೂಮ್ ಟ್ಯಾಂಕಿನಲ್ಲಿ ತಿರುಪಿನ ಮುಚ್ಚಳ ಹಾಕಿದ ತೂತು ಇದ್ದರೆ ಗೇಜನ್ನು ಅಲ್ಲಿಯೇ ಕೂರಿಸಬಹುದು. ಇಲ್ಲದಿದ್ದರೆ ಪಂಪಿನಿಂದ ಬಕೆಟ್ಟಿಗೆ ಬರುವ ಪೈಪನ್ನು ರೆಗ್ಯುಲೇಟರ್ ದಾಟಿದ ಮೇಲೆ ಕತ್ತರಿಸಿ 'ಟೀ' ಜಾಯಿಂಟ್ ಹಾಕಿಸಿ. ಮರೆಗೆ ಟೆಫ್ಲಾನ್ ಟೇಪ್ ಸುತ್ತಲಿ, ಗಾಳಿ ಸೋರಬಾರದು. ಯಂತ್ರ ರಿಪೇರಿ ಮಾಡುವವರಿಗೆ ಇದು ಸಣ್ಣ ಕೆಲಸ. ಒಂದೇ ಮಾತು: ಹಸುವಿನ ಪಕ್ಕ ಕುಳಿತ ನಿಮ್ಮ ಕಣ್ಣಿಗೆ ಮುಳ್ಳು ಕಾಣುವಂತೆ ಹಾಕಿಸಿ, ಗೋಡೆ ಕಡೆ ಮುಖ ಮಾಡಿ ಅಲ್ಲ.

ಮುಳ್ಳು ಎಲ್ಲಿ ನಿಲ್ಲಬೇಕು? ನಿಮ್ಮ ಯಂತ್ರದ ಪುಸ್ತಕದಲ್ಲಿ ಬರೆದ ಅಂಕಿಯೇ ಮೊದಲು. ಹಸುಗಳ ಬಕೆಟ್ ಯಂತ್ರಕ್ಕೆ ಅದು ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್. ಗೇಜಿನ ಮೇಲೆ ಪಾದರಸದ ಮಿಲಿಮೀಟರ್ ಲೆಕ್ಕವಿದ್ದರೆ ಅದೇ 300ರಿಂದ 375, ಇಂಚಿನ ಲೆಕ್ಕವಿದ್ದರೆ 12ರಿಂದ 15. ಎಮ್ಮೆಗೆ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಹಸು ಎಮ್ಮೆ ಎರಡೂ ಇರುವವರು ಮೆಕ್ಯಾನಿಕ್ ಬಳಿ ಎರಡಕ್ಕೂ ಅಂಕಿ ಕೇಳಿಟ್ಟುಕೊಳ್ಳಿ. ಸರಿಯಾದ ಜಾಗಕ್ಕೆ ಗಾಜಿನ ಮೇಲೆ ಉಗುರು ಬಣ್ಣದಿಂದ ಎರಡು ಗೆರೆ ಎಳೆದರೆ, ನೀವು ಊರಿಗೆ ಹೋದ ದಿನ ಕರೆಯುವ ಸೊಸೆಗೋ ಮಗನಿಗೋ ಅಂಕಿ ಓದುವ ಕಷ್ಟವಿಲ್ಲ.

ಯಂತ್ರ ನಿಂತಿರುವಾಗ ಮುಳ್ಳು ಸೊನ್ನೆಯಲ್ಲಿರಬೇಕು. ಇಲ್ಲದಿದ್ದರೆ ಗೇಜೇ ಕೆಟ್ಟಿದೆ. ಚಾಲೂ ಮಾಡಿ, ಕಪ್ ಹಾಕುವ ಮೊದಲು ಮುಳ್ಳು ಗೆರೆಗಳ ನಡುವೆ ನಿಂತಿದೆಯೇ ನೋಡಿ. ವಾರಕ್ಕೊಮ್ಮೆ ಒಂದು ಕಪ್ಪಿನಿಂದ 5 ಸೆಕೆಂಡು ಗಾಳಿ ಬಿಟ್ಟು ಮುಚ್ಚಿ. ಇಳಿದ ಮುಳ್ಳು ಬೇಗನೆ ಮೇಲೇರಬೇಕು. ತೆವಳುತ್ತಾ ಏರಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪಂಪು ಸೋತಿದೆ. ಮುಳ್ಳು ಮೇಲಿನ ಗೆರೆ ದಾಟಿದ್ದರೆ ಆ ಹೊತ್ತು ಕೈಯಲ್ಲೇ ಕರೆದು, ರೆಗ್ಯುಲೇಟರನ್ನು ಒಣ ಬ್ರಷ್‌ನಿಂದ ಸ್ವಚ್ಛ ಮಾಡಿ. ಬಹಳ ದಿನದಿಂದ ಹಾಗೇ ನಡೆದಿದೆ ಎನಿಸಿದರೆ ಹತ್ತಿರದ ಪಶು ವೈದ್ಯರಿಂದ ಸಿಎಂಟಿ ಪರೀಕ್ಷೆ ಮಾಡಿಸಿ. ಹಾಲು ನೋಡಲು ಚೆನ್ನಾಗಿದ್ದರೂ ಒಳಗಿರುವ ಬಾವು ಅದರಲ್ಲಿ ತಿಳಿಯುತ್ತದೆ.

ಗೇಜ್ ಎಲ್ಲವನ್ನೂ ತೋರಿಸುವುದಿಲ್ಲ. ಎಳೆದು ಬಿಡುವ ಕೆಲಸ ಪಲ್ಸೇಟರಿನದು. ಅದು ನಿಂತಿದ್ದರೂ ಮುಳ್ಳು ಸರಿಯಾದ ಜಾಗದಲ್ಲೇ ಇರಬಹುದು. ಕೈ ತೊಳೆದು ಕಪ್ಪಿನೊಳಗೆ ಹೆಬ್ಬೆರಳಿಟ್ಟು ಎಣಿಸಿ, ನಿಮಿಷಕ್ಕೆ ಸುಮಾರು 60 ಸಲ ಹಿಚುಕಬೇಕು. ಕಪ್ಪಿನ ರಬ್ಬರ್ ಲೈನರನ್ನು 2,500 ಕರಾವು ಅಥವಾ 6 ತಿಂಗಳು, ಯಾವುದು ಮೊದಲೋ ಅಷ್ಟಕ್ಕೆ ಬದಲಿಸಿ. ಒಂದು ಹಸುವನ್ನು ಒಮ್ಮೆ ಕರೆದರೆ ಒಂದು ಕರಾವು. ಐದು ಹಸು, ಎರಡು ಹೊತ್ತು ಎಂದರೆ ದಿನಕ್ಕೆ 10, ಹಾಗಾಗಿ ನಮ್ಮ ಹೆಚ್ಚಿನ ಮನೆಗಳಲ್ಲಿ 6 ತಿಂಗಳೇ ಮೊದಲು ಬರುತ್ತದೆ. ಬದಲಿಸಿದ ತಾರೀಖನ್ನು ಕೊಟ್ಟಿಗೆಯ ಗೋಡೆ ಮೇಲೆ ಬರೆದಿಡಿ.